ಮಕ್ಕಳಿಗೆ ಸಮುದ್ರ ತೋರಿಸೋಕೆ ಮಂಡ್ಯದಿಂದ ಎಲ್ಲಿಗೆ ಹೋದ್ರೆ ಒಳ್ಳೇದು?

ದಸರಾ ರಜೆಯಲ್ಲಿ ಮೂರು ದಿನ, ಎಂಟು ವರ್ಷದ ಮಗಳು, ಐದು ವರ್ಷದ ಮಗ, ಜೊತೆಗೆ ಮಂಡಿನೋವಿರೋ ಅತ್ತೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಮುರ್ಡೇಶ್ವರ ಎಲ್ಲ ಸೇರಿಸಿ ಪ್ಲಾನ್ ಹಾಕಿದ್ದೀವಿ, ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ, ಆದ್ರೆ ಮಕ್ಕಳಿಗೆ ಸಮುದ್ರ ಸಿಗಲ್ಲ. ಉಡುಪಿ ಪಕ್ಕದ ಕಡಲೂರು ಮಲ್ಪೆಯಲ್ಲಿ ರೂಮ್ ಮಾಡಿ ಮೂರೂ ದಿನ ಅಲ್ಲೇ ಇರಿ. ಪಟ್ಟಿಯಲ್ಲಿ ಉಡುಪಿ ಒಂದಿರಲಿ, ಮಿಕ್ಕಿದ್ದನ್ನ ಹೊಡೆದುಹಾಕಿ.

ನಮ್ಮ ಮೈಸೂರು, ಮಂಡ್ಯದ ಕಡೆ ಟಿಟಿ ಮಾಡಿಕೊಂಡು ಹೊರಡೋ ಟ್ರಿಪ್ಪುಗಳ ಕಥೆ ನಿಮಗೂ ಗೊತ್ತಲ್ಲ. ದಿನವೆಲ್ಲ ಘಾಟಿ ತಿರುವು, ವಾಂತಿ ಕವರ್ರು, ದರ್ಶನದ ಕ್ಯೂ. ಸಮುದ್ರದ ಪಾಲಿಗೆ ಉಳಿಯೋದು ಮಟಮಟ ಮಧ್ಯಾಹ್ನದ ಅರ್ಧ ಗಂಟೆ. ಮಗು ಒದ್ದೆ ಮರಳಲ್ಲಿ ಗುಂಡಿ ತೋಡೋಕೆ ಶುರು ಮಾಡೋ ಹೊತ್ತಿಗೆ "ಬನ್ರೋ ಬೇಗ, ಡ್ರೈವರ್ ಹಾರ್ನ್ ಹೊಡೀತಾವ್ನೆ" ಅಂತ ದೊಡ್ಡವರ ಕೂಗು. ದೇವಸ್ಥಾನ ಬೇಡ ಅಂತಲ್ಲ. ಅತ್ತೆಯವರಿಗೆ ಬೀಚಿನ ಪಕ್ಕದಲ್ಲೇ ವಡಭಾಂಡೇಶ್ವರದ ಬಲರಾಮ ದೇವಸ್ಥಾನ ಇದೆ. ಉಡುಪಿ ಕೃಷ್ಣನ ವಿಗ್ರಹ ಮಧ್ವಾಚಾರ್ಯರಿಗೆ ಹಡಗಿನಿಂದ ಸಿಕ್ಕಿದ್ದು ಇದೇ ಮಲ್ಪೆ ಕಡಲಲ್ಲಿ ಅನ್ನೋ ಐತಿಹ್ಯವನ್ನ ಅಲ್ಲೇ ಕೂತು ಮೊಮ್ಮಕ್ಕಳಿಗೆ ಹೇಳಲಿ. ಕೃಷ್ಣ ಮಠ ಐದಾರು ಕಿಲೋಮೀಟರ್ ಅಷ್ಟೇ, ಆಟೋದಲ್ಲೇ ಹೋಗಿಬರಬಹುದು.

ಬೆಳಿಗ್ಗೆ ಕಾಫಿ ಕುಡಿದವರೇ ನೀರಿಗೆ ಹೋಗಿ, ಒಂಬತ್ತಕ್ಕೆಲ್ಲ ವಾಪಸ್ ಬನ್ನಿ. ಮಧ್ಯಾಹ್ನ ಊಟ ಮಾಡಿಸಿ ಮಲಗಿಸಿ. ಕರಾವಳಿ ಸೆಕೆ ನಮ್ಮ ಬಿಸಿಲಿನ ಥರ ಅಲ್ಲ, ನೆರಳಲ್ಲಿ ಕೂತ್ರೂ ಬೆವರು ಆರಲ್ಲ. ನಾಲ್ಕರ ಮೇಲೆ ಮತ್ತೆ ಬೀಚು. ಹಿಂದಿನ ದಿನ ಆಡಿದ ಜಾಗಕ್ಕೇ ಕರ್ಕೊಂಡು ಹೋಗಿ. ಅದೇ ಗಂಟೆಗೆ ನೀರು ಬೇರೆ ಕಡೆ ನಿಂತಿರುತ್ತೆ, ಯಾಕಂದ್ರೆ ಭರತ, ಅಂದ್ರೆ ಸಮುದ್ರದ ಉಬ್ಬರ, ದಿನಾ ಸುಮಾರು 50 ನಿಮಿಷ ತಡವಾಗಿ ಬರುತ್ತೆ. ನಿಮ್ಮ ಮಗಳ ವಯಸ್ಸಿಗೆ ಇದು ಖಂಡಿತ ಹೊಳೆಯುತ್ತೆ. ಒಂದೇ ಊರಲ್ಲಿ ಇರಿ ಅನ್ನೋದು ಅದಕ್ಕೇ.

ಒಂದು ವಿಷಯ ಮಾತ್ರ ಒತ್ತಿ ಹೇಳ್ತೀನಿ. ಮಂಡ್ಯದ ಗಂಡಸರು ನಾಲೇಲಿ ಈಜು ಕಲಿತವರು, ಆ ಧೈರ್ಯ ಸಮುದ್ರದಲ್ಲಿ ಕೆಲಸಕ್ಕೆ ಬರಲ್ಲ. ನಾಲೆ ನೀರು ಒಂದೇ ದಿಕ್ಕಿಗೆ ಎಳೆಯುತ್ತೆ, ಕೈಗೆ ದಡ ಸಿಗುತ್ತೆ. ಇಲ್ಲಿ ಅಲೆ ದಡಕ್ಕೆ ತಂದ ನೀರೆಲ್ಲ ಎಲ್ಲಾದರೊಂದು ಕಡೆಯಿಂದ ಒಳಕ್ಕೆ ವಾಪಸ್ ಹೋಗಲೇಬೇಕು. ಹಾಗೆ ಹೋಗೋ ಜಾಗದಲ್ಲೇ ಹೆಚ್ಚಾಗಿ ಅಲೆ ಒಡೆಯಲ್ಲ, ನೋಡೋಕೆ ಶಾಂತವಾಗಿ ಕಾಣುತ್ತೆ, ಜನ ಮೋಸ ಹೋಗೋದು ಅಲ್ಲೇ. ಅದಕ್ಕೆ ಸಿಕ್ಕಿಕೊಂಡ್ರೆ ದಡದ ಕಡೆ ಎದುರೀಜು ಹೊಡೆದು ಸುಸ್ತಾಗಬಾರದು, ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಎಳೆತದಿಂದ ಹೊರಗೆ ಬರಬೇಕು. ಮಲ್ಪೆಯಲ್ಲಿ ಮರಳು ನಿಧಾನಕ್ಕೆ ಇಳಿಯುತ್ತೆ, ಲೈಫ್‌ಗಾರ್ಡ್‌ಗಳೂ ಇರ್ತಾರೆ. ಅವರು ಸೀಟಿ ಊದಿದ್ರೆ ವಾದ ಬೇಡ. ಮಕ್ಕಳು ಮಂಡಿಮಟ್ಟಕ್ಕಿಂತ ಆಚೆ ಹೋಗದಿರಲಿ, ಅದೂ ದೊಡ್ಡವರ ಕೈಯಳತೆಯಲ್ಲೇ.

ಎರಡನೇ ದಿನ ಸೇಂಟ್ ಮೇರಿಸ್ ದ್ವೀಪ. ಮಳೆಗಾಲದಲ್ಲಿ ನಿಲ್ಲಿಸಿದ ಬೋಟುಗಳು ಸಮುದ್ರ ತಣ್ಣಗಾದ ಮೇಲೆ ಶುರುವಾಗುತ್ತವೆ, ಹೊರಡೋ ಮುಂಚೆ ರೂಮಿನವರನ್ನ ಕೇಳಿಕೊಳ್ಳಿ. ಅಲ್ಲಿನ ಕಲ್ಲುಗಳು ಪೆನ್ಸಿಲ್ ಕಟ್ಟು ನಿಲ್ಲಿಸಿದಂಗೆ ಸಾಲುಸಾಲಾಗಿ ನಿಂತಿವೆ, ತುಂಬಾ ಕಂಬಗಳಿಗೆ ಆರು ಮುಖ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಇನ್ನೂ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ, ಉಕ್ಕಿದ ಲಾವಾ ಆರುತ್ತಾ ಕುಗ್ಗಿ ಬಿರುಕು ಬಿಟ್ಟಿದ್ದರಿಂದ ಆದದ್ದು. ಮಗಳಿಗೆ ಒಂದೊಂದು ಕಂಬದ ಮುಖ ಎಣಿಸೋಕೆ ಹೇಳಿ, ಐದು ಮುಖದ್ದೂ ಸಿಗಬಹುದು. ಆದ್ರೆ ಅದು ನೀರಾಡೋ ಜಾಗ ಅಲ್ಲ, ಕಲ್ಲು ಜಾರುತ್ತೆ. ಅತ್ತೆಯವರು ಬೋಟು ಹತ್ತಿ ಇಳಿಯೋದು ಕಷ್ಟ, ಅವತ್ತು ಮನೆಯವರೊಬ್ಬರು ಅವರ ಜೊತೆ ಮಠಕ್ಕೆ ಹೋಗಲಿ.

ಮೂರನೇ ದಿನ ಸಂಜೆ ಕಾಪು ದೀಪಸ್ತಂಭ, 1901ರದ್ದು. ಮೇಲೆ ಹತ್ತೋಕೆ ಸಂಜೆ ಸ್ವಲ್ಪ ಹೊತ್ತು ಮಾತ್ರ ಬಿಡ್ತಾರೆ. ತೀರಾ ಸುಸ್ತಾಗಿದ್ರೆ ಬಿಟ್ಟುಬಿಡಿ, ಏನೂ ನಷ್ಟ ಇಲ್ಲ.

ದಾರಿಗೆ ನಾಗಮಂಗಲ, ಚನ್ನರಾಯಪಟ್ಟಣ, ಹಾಸನ, ಶಿರಾಡಿ ಘಾಟಿ ಸಾಕು. ಮಳೆ ಜೋರಿದ್ದರೆ ಶಿರಾಡಿಯಲ್ಲಿ ಗುಡ್ಡ ಕುಸಿಯೋದುಂಟು, ಹೊರಡೋ ದಿನ ಸುದ್ದಿ ನೋಡಿಕೊಳ್ಳಿ. ಬೆಂಗಳೂರಿಂದ ಮಂಡ್ಯ, ಮೈಸೂರು ಬಳಸಿ ಮುರ್ಡೇಶ್ವರಕ್ಕೆ ಹೋಗೋ ರಾತ್ರಿ ರೈಲೂ ಉಡುಪಿ ಮೇಲೇ ಹೋಗುತ್ತೆ. ರಜೆಯಲ್ಲಿ ಟಿಕೆಟ್ ಬೇಗ ಖಾಲಿಯಾಗುತ್ತೆ, ಈಗಲೇ ಬುಕ್ ಮಾಡಿ.

ಊಟದ್ದೂ ಹೇಳಿಬಿಡ್ತೀನಿ. ಮೀನಿನ ಹೋಟೆಲಲ್ಲಿ ಬರೀ ಅನ್ನ ಅಂದ್ರೆ ದಪ್ಪ ಕುಚ್ಚಲಕ್ಕಿ ಅನ್ನ ಬರಬಹುದು, ಸೋನಾ ಮಸೂರಿ ತಿಂದು ಬೆಳೆದ ಮಕ್ಕಳು ಮುಟ್ಟಲ್ಲ. "ಬೆಳ್ತಿಗೆ ಕೊಡಿ" ಅಂತ ಕೇಳಿ, ಅಂದ್ರೆ ಬಿಳಿ ಅನ್ನ. ಮುದ್ದೆ ಆಸೆ ಬಿಟ್ಟುಬಿಡಿ, ಬಂಗುಡೆ ಫ್ರೈ ತಿನ್ನಿ.