ಹೊಲಿಗೆಯ ಗೆರೆಯಲ್ಲಿ ತೊಗರಿ ಕಾಳಿನಷ್ಟು ಗಂಟು

ಪ್ರಶ್ನೆ: ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ. ನನಗೆ 53 ವರ್ಷ. 2016ರಲ್ಲಿ ಕ್ಯಾನ್ಸರ್ ಎಂದು ಎಡ ಸ್ತನವನ್ನು ತೆಗೆದರು. ಆಮೇಲೆ ಕೀಮೋ ಆಯಿತು, 25 ದಿನ ಕರೆಂಟ್ (ರೇಡಿಯೇಷನ್) ಕೊಟ್ಟರು. ದಿನವೂ ನಮ್ಮ ಮನೆಯವರೇ ಜೊತೆಗೆ ಬರುತ್ತಿದ್ದರು. ಟ್ಯಾಮೊಕ್ಸಿಫೆನ್ ಮಾತ್ರೆಯನ್ನು 5 ವರ್ಷ ತಪ್ಪದೆ ನುಂಗಿದ್ದೇನೆ. ಕಳೆದ ತಿಂಗಳು ಸ್ನಾನ ಮಾಡುವಾಗ, ಹಳೆಯ ಹೊಲಿಗೆಯ ಗೆರೆ ಕಂಕುಳ ಹತ್ತಿರ ಮುಗಿಯುವಲ್ಲಿ ತೊಗರಿ ಕಾಳಿನಷ್ಟು ಗಂಟು ಕೈಗೆ ಹತ್ತಿತು. ನೋವಿಲ್ಲ. ಆರು ವಾರಗಳಿಂದ ರೊಟ್ಟಿ ಬಡಿಯಲು ಕುಳಿತರೆ ಬೆನ್ನು ಹಿಡಿದುಕೊಳ್ಳುತ್ತದೆ, ರಾತ್ರಿ ಮಲಗಿದರೂ ಬಿಡುವುದಿಲ್ಲ. ಊರಿನ ವೈದ್ಯರೊಬ್ಬರು ‘ಐದು ವರ್ಷ ದಾಟಿದೆ, ಹೆದರಬೇಡಿ’ ಎಂದು ಮುಲಾಮು ಬರೆದುಕೊಟ್ಟರು. ಸೂಜಿ ಚುಚ್ಚಿಸಿದರೆ ಕೆರಳಿ ಮೈಯೆಲ್ಲ ಹಬ್ಬುತ್ತದೆ ಎಂದು ನಾದಿನಿ ಹೆದರಿಸುತ್ತಾಳೆ. ಎರಡೂವರೆ ತಿಂಗಳಿಗೆ ಮಗಳ ಮದುವೆ ಇದೆ. ಮನೆಯವರಿಗೂ ಇನ್ನೂ ಹೇಳಿಲ್ಲ. ಮದುವೆ ಮುಗಿಯುವ ತನಕ ತಡೆಯಬಹುದೇ? ಆಗ ವಾಜಪೇಯಿ ಆರೋಗ್ಯಶ್ರೀಯಲ್ಲಿ ಚಿಕಿತ್ಸೆಯಾಗಿತ್ತು, ಅದು ಈಗಲೂ ನಡೆಯುತ್ತದೆಯೇ?
— ಓದುಗರೊಬ್ಬರು, ಯಾದಗಿರಿ ಜಿಲ್ಲೆ

ಉತ್ತರ: ತಡೆಯಬಾರದು. ಆದರೆ ‘ಮತ್ತೆ ಬಂದೇಬಿಟ್ಟಿತು’ ಎಂದು ಇವತ್ತೇ ತೀರ್ಮಾನಿಸುವುದೂ ಬೇಡ. ಶಸ್ತ್ರಚಿಕಿತ್ಸೆಯಾದ ಜಾಗದಲ್ಲಿ ಗಾಯದ ಕಲೆ ಗಟ್ಟಿಯಾಗಿ, ಕೊಬ್ಬು ಸತ್ತು ಗಂಟುಕಟ್ಟಿ, ಇಲ್ಲವೇ ಒಳಗೆ ಉಳಿದ ಹೊಲಿಗೆ ದಾರದ ಸುತ್ತ ಬಾವು ಬಂದು, ಇಂಥದೇ ಗಂಟು ಏಳುವುದುಂಟು. ಮರುಕಳಿಸಿದ ಕ್ಯಾನ್ಸರ್ ಕೂಡ ಇದೇ ರೂಪದಲ್ಲಿ, ನೋವಿಲ್ಲದೆ, ಇದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಬೆರಳಿನಿಂದ ಮುಟ್ಟಿ ನೋಡಿ ಇವೆರಡನ್ನು ಬೇರೆಮಾಡಿ ಹೇಳುವುದು ನನ್ನಿಂದಲೂ ಆಗದು, ಮುಲಾಮು ಬರೆದವರಿಂದಲೂ ಆಗದು.

ಐದು ವರ್ಷದ ಮಾತು ಎಲ್ಲರಿಗೂ ಒಂದೇ ಸಮನೆ ಹೊಂದುವುದಿಲ್ಲ. ನಿಮಗೆ ಟ್ಯಾಮೊಕ್ಸಿಫೆನ್ ಕೊಟ್ಟಿದ್ದರೆಂದರೆ ನಿಮ್ಮದು ಹಾರ್ಮೋನಿನ ಬಲದಿಂದ ಬೆಳೆಯುವ ಬಗೆಯ ಕ್ಯಾನ್ಸರ್ ಆಗಿತ್ತು ಎಂದರ್ಥ. ಹಾರ್ಮೋನಿಗೆ ಸ್ಪಂದಿಸದ ಬಗೆಗಳು ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲೇ ಮರುಕಳಿಸುತ್ತವೆ. ನಿಮ್ಮ ಬಗೆಯಲ್ಲಾದರೋ ಕೆಲವು ಕೋಶಗಳು ಎಲುಬಿನ ಮಜ್ಜೆಯಂಥ ಕಡೆ ವರ್ಷಗಟ್ಟಲೆ ಸುಮ್ಮನೆ ಕುಳಿತಿದ್ದು, ಹತ್ತು, ಹದಿನೈದು, ಒಮ್ಮೊಮ್ಮೆ ಇಪ್ಪತ್ತು ವರ್ಷಗಳ ಮೇಲೂ ಎದ್ದು ಬರುತ್ತವೆ. ನೀವು ಮಾತ್ರೆ ತಪ್ಪಿಸಲಿಲ್ಲ. ಇದು ಮರುಕಳಿಕೆಯೇ ಆಗಿದ್ದರೂ ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ.

ಆದ್ದರಿಂದ ಮೊದಲು ಆಗಬೇಕಾದದ್ದು ಸೂಜಿ ಬಯಾಪ್ಸಿ. ಜಾಗವನ್ನು ಮರಗಟ್ಟಿಸಿ, ಸ್ವಲ್ಪ ದಪ್ಪನೆಯ ಸೂಜಿಯಿಂದ ಗಂಟಿನ ಎರಡು-ಮೂರು ಎಳೆ ತೆಗೆಯುತ್ತಾರೆ. ಕೆಲವೇ ನಿಮಿಷಗಳ ಕೆಲಸ, ಅಂದೇ ಮನೆಗೆ ಬರಬಹುದು. ಸೂಜಿಯಿಂದ ಕ್ಯಾನ್ಸರ್ ಮೈಯೆಲ್ಲ ಹಬ್ಬುತ್ತದೆ ಎಂಬುದು ನಮ್ಮ ಭಾಗದಲ್ಲಿ ಮನೆಮನೆಯಲ್ಲಿ ಕೇಳಿಬರುವ ಮಾತು, ಸತ್ಯವಲ್ಲ. ಪಾಪ, ನಿಮ್ಮ ನಾದಿನಿ ಹೇಳಿದ್ದು ಕಾಳಜಿಯಿಂದಲೇ ಇರಬಹುದು. ಆದರೆ ಈ ಮಾತನ್ನು ನಂಬಿ ಆರು ತಿಂಗಳು ತಡವಾಗಿ ಬಂದವರನ್ನು ನಾನು ಹಲವು ಸಲ ನೋಡಿದ್ದೇನೆ. ಕ್ಯಾನ್ಸರ್ ಎಂದೇ ವರದಿ ಬಂದರೆ, ಅದೇ ಎಳೆಯಲ್ಲಿ ಇಆರ್, ಪಿಆರ್ (ಹಾರ್ಮೋನಿನಿಂದ ಬೆಳೆಯುವ ಬಗೆಯೇ ಎಂದು ತಿಳಿಸುವವು), ಹರ್-2 (ಕ್ಯಾನ್ಸರ್ ಬೆಳೆಸುವ ಒಂದು ಪ್ರೋಟೀನ್ ಹೆಚ್ಚಿದೆಯೇ ಎಂದು ತಿಳಿಸುವುದು) ಪರೀಕ್ಷೆಗಳನ್ನು ಹೊಸದಾಗಿ ಮಾಡಿಸಲು ಕೇಳಿಕೊಳ್ಳಿ. 2016ರ ಫಲಿತಾಂಶ ಈಗ ಬದಲಾಗಿರಬಹುದು, ಹಾಗಾದರೆ ಔಷಧಿಯೂ ಬದಲಾಗುತ್ತದೆ.

ನನಗೆ ಗಂಟಿಗಿಂತ ಬೆನ್ನಿನ ಮೇಲೆಯೇ ಹೆಚ್ಚು ಗಮನ. ದಿನಾ ಬಗ್ಗಿ ಕುಳಿತು ರೊಟ್ಟಿ ಬಡಿಯುವವರಿಗೆ ಬೆನ್ನುನೋವು ಹೊಸದಲ್ಲ, ಆದರೆ ಆ ನೋವು ಮಲಗಿದರೆ ಇಳಿಯಬೇಕು. ನಿಮ್ಮದು ಮಲಗಿದರೂ ಬಿಡುತ್ತಿಲ್ಲ, ಆರು ವಾರವೂ ಆಗಿದೆ. ಈ ರೋಗ ದೂರ ಹೋಗುವುದಾದರೆ ಹೆಚ್ಚಾಗಿ ಎಲುಬಿಗೇ ಹೋಗುವುದರಿಂದ, ಬೆನ್ನಿನ ಎಲುಬುಗಳ ಸ್ಕ್ಯಾನ್ ಆಗಲೇಬೇಕು. ನಡುವೆ ಎಂದಾದರೂ ಕಾಲಿನ ಬಲ ಕುಗ್ಗಿದರೆ, ಜೋಮು ಹಿಡಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಮರುದಿನಕ್ಕೆ ಕಾಯದೆ ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಹೋಗಿ. ಬೆನ್ನುಹುರಿ ಒತ್ತಿಹೋದಾಗ ತಡಮಾಡಿದರೆ ಕಾಲು ಮತ್ತೆ ಬಾರದೆ ಹೋಗಬಹುದು.

ಮುಂದಿನದು ವರದಿಯ ಮೇಲೆ ನಿಂತಿದೆ. ರೋಗ ಹೊಲಿಗೆಯ ಜಾಗದಲ್ಲಷ್ಟೇ ಇದ್ದರೆ ಅದನ್ನು ತೆಗೆದುಹಾಕಿ ಪೂರ್ಣ ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ನಡೆಯುತ್ತದೆ. ಎಲುಬಿಗೆ ಹೋಗಿದ್ದರೆ, ಮುಚ್ಚಿಡದೆ ಹೇಳುತ್ತೇನೆ, ಬುಡಸಮೇತ ಹೋಗುವುದು ಕಷ್ಟ. ಆದರೂ ಹಾರ್ಮೋನ್ ಬಗೆಯಲ್ಲಿ ಮಾತ್ರೆಗಳಿಂದ, ಎಲುಬು ಗಟ್ಟಿಮಾಡುವ ಇಂಜೆಕ್ಷನ್ನಿನಿಂದ ರೋಗವನ್ನು ಹಿಡಿತದಲ್ಲಿಟ್ಟು ವರ್ಷಗಳ ಕಾಲ ಮನೆಗೆಲಸ ಮಾಡಿಕೊಂಡಿರುವ ಹೆಂಗಸರಿದ್ದಾರೆ.

ಈ ಪರೀಕ್ಷೆಗಳೆಲ್ಲ ಸೇರಿ ಎರಡು-ಮೂರು ವಾರದ ಕೆಲಸ. ಮದುವೆಗೆ ಎರಡೂವರೆ ತಿಂಗಳಿದೆ. ಚಿಕಿತ್ಸೆ ಬೇಕಾದರೂ ಮದುವೆಯ ದಿನ ತಿಳಿಸಿದರೆ ವೈದ್ಯರು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ನಿಮ್ಮ ಹಳೆಯ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು. ಈಗಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮಗೆ ಹತ್ತಿರವಾದದ್ದು ಕಿದ್ವಾಯಿ ಸಂಸ್ಥೆಯ ಕಲಬುರಗಿ ಕೇಂದ್ರ. ರೇಷನ್ ಕಾರ್ಡು, ಆಧಾರ್ ಇರಲಿ. ಅದಕ್ಕಿಂತ ಮುಖ್ಯವಾಗಿ 2016ರ ಆಪರೇಷನ್ ಫೈಲಿನಲ್ಲಿರುವ ಪೆಥಾಲಜಿ ವರದಿ ಇರಲಿ. ಅಂದು 25 ದಿನ ಜೊತೆಗೆ ಬಂದವರಿಗೆ ಇದನ್ನು ಇಂದು ರಾತ್ರಿ ಊಟವಾದ ಮೇಲೆ ಹೇಳಿ. ಆ ಫೈಲು ಯಾವ ಟ್ರಂಕಿನಲ್ಲಿದೆ ಎಂಬುದು ಬಹುಶಃ ಅವರಿಗೇ ಗೊತ್ತಿರುತ್ತದೆ.