ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಸ್ಟ್ರೇಲಿಯಾ ಯಾಕೆ ಆಡುತ್ತದೆ?

ತನ್ನ ಖಂಡದಲ್ಲಿ ಸರಿಯಾದ ಎದುರಾಳಿಗಳಿಲ್ಲ ಅನ್ನೋದೇ ಕಾರಣ. ಹಾಗಾಗಿ ಪುರುಷರ ಏಷ್ಯಾ ಕಪ್‌ನಲ್ಲಿ 2017ರಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ಆಡುತ್ತಿವೆ.

ಮೊದಲು ಓಷಿಯಾನಿಯಾಕ್ಕೆ, ಅಂದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಪೆಸಿಫಿಕ್ ದ್ವೀಪಗಳ ವಲಯಕ್ಕೆ, ಬೇರೆಯದೇ ಟೂರ್ನಿ ಇತ್ತು. ಹೆಸರಿಗೆ ಖಂಡದ ಚಾಂಪಿಯನ್‌ಶಿಪ್, ಆದರೆ ಹೆಚ್ಚಾಗಿ ಈ ಎರಡೇ ತಂಡಗಳ ಜಗಳ. ನಮ್ಮ ಕಾರವಾರದಲ್ಲಿ ವರ್ಷಾವರ್ಷ ಕೋಡಿಬಾಗ, ಬೈತಖೋಲದ ತಂಡಗಳಷ್ಟೇ ವಾಲಿಬಾಲ್ ಆಡಿ ಒಬ್ಬರಿಗೆ ‘ಜಿಲ್ಲಾ ಕಪ್’ ಕೊಟ್ಟ ಹಾಗೆ! 2015ರ ಕೊನೇ ಟೂರ್ನಿಯಂತೂ ಎರಡೇ ಪಂದ್ಯದಲ್ಲಿ ಮುಗಿಯಿತು. ಒಂದು ಮೆಲ್ಬರ್ನ್‌ನಲ್ಲಿ, ಇನ್ನೊಂದು ವೆಲ್ಲಿಂಗ್ಟನ್‌ನಲ್ಲಿ.

ಆಮೇಲೆ ಅಂತರರಾಷ್ಟ್ರೀಯ ಒಕ್ಕೂಟ ಫೀಬಾ, ತವರಲ್ಲೊಂದು ಹೊರಗೊಂದು ಪಂದ್ಯ ಆಡಿಸಿ ವಿಶ್ವಕಪ್‌ಗೆ ತಂಡ ಆರಿಸುವ ಪದ್ಧತಿ ತಂದಿತು. ಅದಕ್ಕೆ ಗುಂಪು ಮಾಡುವಷ್ಟು ತಂಡ ಬೇಕಲ್ವಾ? ಏಷ್ಯಾ, ಓಷಿಯಾನಿಯಾ ಎರಡನ್ನೂ ಒಂದೇ ವಿಭಾಗ ಮಾಡಿದರು.

ಏಷ್ಯಾದವರಿಗೆ ಇದು ದುಬಾರಿಯಾಯಿತು ಅನ್ನಿ. 2017, 2022, 2025, ಮೂರೂ ಸಲ ಕಪ್ ಆಸ್ಟ್ರೇಲಿಯಾಕ್ಕೆ. 1960ರಿಂದ ನಡೆಯುತ್ತಿರುವ ಈ ಟೂರ್ನಿಯನ್ನು 16 ಸಲ ಗೆದ್ದ ಚೀನಾ, 2025ರ ಜೆಡ್ಡಾ ಫೈನಲ್‌ನಲ್ಲಿ ಸೋತಿದ್ದು ಒಂದೇ ಒಂದು ಅಂಕದಿಂದ: 90-89.