ಚಪ್ಪಲಿ ಬಿಟ್ಟು ಯಾರಾದರೂ ಮನೆಗೆ ಹೋಗ್ತಾರಾ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಒಂದು ಪಂಚಾಯತಿನಲ್ಲಿ ಪಾಲಿಯೇಟಿವ್ ಸಿಸ್ಟರ್, ಅಂದರೆ ಗುಣವಾಗದ ರೋಗಿಗಳ ನೋವು, ಸಂಕಟ ತಗ್ಗಿಸಲು ಮನೆಮನೆಗೆ ಹೋಗುವ ನರ್ಸ್. ಪ್ರಾಯ 29. ನಾನು ಹೋಂ ಕೇರಿಗೆ ಹೋಗುವ ಒಂದು ಮನೆಯಲ್ಲಿ ಹನ್ನೊಂದು ವರ್ಷದ ಹುಡುಗ ಇದ್ದಾನೆ. ಕಾಲಿನ ಎಲುಬಿನ ಕ್ಯಾನ್ಸರ್ ಈಗ ಶ್ವಾಸಕೋಶಕ್ಕೆ ಹರಡಿದೆ. ತಲಶ್ಶೇರಿಯಲ್ಲಿ ಕಿಮೋ ಆಯಿತು, ಇನ್ನು ಕೊಟ್ಟು ಪ್ರಯೋಜನವಿಲ್ಲ ಎಂದು ಡಾಕ್ಟರು ತಂದೆ ತಾಯಿಗೆ ಹೇಳಿ ಮನೆಗೆ ಕಳಿಸಿದ್ದಾರೆ. ಹುಡುಗನಿಗೆ ಯಾರೂ ಹೇಳಿಲ್ಲ. ‘ಅವನಿಗೆ ಗೊತ್ತಾಗಬಾರದು, ಗೊತ್ತಾದರೆ ಆ ದಿನವೇ ಕುಸಿದು ಹೋಗ್ತಾನೆ’ ಎಂದು ತಾಯಿ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಎರಡು ವಾರದ ಹಿಂದೆ ಅವರು ಚಾ ಮಾಡಲು ಒಳಗೆ ಹೋದಾಗ ಹುಡುಗ ಕೇಳಿದ: ‘ಸಿಸ್ಟರ್, ನನಗೆ ಇದು ಗುಣ ಆಗುದಿಲ್ಲ ಅಲ್ವಾ?’ ನಾನು ಗಡಿಬಿಡಿಯಲ್ಲಿ, ‘ಮದ್ದು ಸರಿಯಾಗಿ ತಕ್ಕೊಂಡ್ರೆ ಎಲ್ಲ ಗುಣ ಆಗ್ತದೆ ಮಾರಾಯ’ ಅಂದುಬಿಟ್ಟೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಆಮೇಲೆ ಎರಡು ಸಲ ಹೋದೆ, ಮಾತೇ ಇಲ್ಲ. ತನ್ನ ಕೇರಂ ಬೋರ್ಡನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟಿದ್ದಾನಂತೆ, ಸ್ಟ್ರೈಕರ್ ಒಂದನ್ನು ಮಾತ್ರ ಇಟ್ಟುಕೊಂಡು. ಒಂದನೇ ಕ್ಲಾಸಿನ ತಂಗಿಯೊಬ್ಬಳಿದ್ದಾಳೆ. ನಮ್ಮ ತಂಡದಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ತಾಯಿಗೆ ಕೊಟ್ಟ ಮಾತು ಮುರಿಯಲಾ? ಹುಡುಗನಿಗೆ ಸುಳ್ಳು ಹೇಳುತ್ತಲೇ ಇರಲಾ? ಇಲ್ಲ, ಆ ಮನೆಗೆ ಬೇರೆಯವರನ್ನು ಕಳಿಸಿ ಎಂದು ಕೇಳಿಕೊಳ್ಳಲಾ?

(ಊರಿನ ಹೆಸರನ್ನೂ ಗುರುತು ಸಿಗುವ ಒಂದೆರಡು ವಿವರಗಳನ್ನೂ ನಾನೇ ತೆಗೆದಿದ್ದೇನೆ.)

ಸಿಸ್ಟರ್, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಬೇರೆಯವರನ್ನು ಕಳಿಸುವುದು ಬೇಡ. ಆ ಹುಡುಗ ತಿಂಗಳುಗಟ್ಟಲೆ ವಾರ್ಡಿನಲ್ಲಿ ಮಲಗಿ ಬಂದಿದ್ದಾನೆ. ರೌಂಡ್ಸಿಗೆ ಬಂದವರು ಅವನ ತಲೆಯ ಮೇಲಿಂದ ಮಲಯಾಳದಲ್ಲಿ ಮಾತಾಡಿಕೊಂಡಿರುತ್ತಾರೆ. ಅವನಿಗೆ ಮಲಯಾಳ ಬಾರದೆ ಇಲ್ಲ. ಬಸ್ಸಿಗೆ, ಅಂಗಡಿಗೆ ಸಾಕಾಗುವಷ್ಟು ನಮ್ಮ ಮಕ್ಕಳಿಗೆಲ್ಲ ಬರುತ್ತದೆ. ಇಂಥ ಮಾತು ಕೇಳಲು ಅಷ್ಟು ಸಾಲುವುದಿಲ್ಲ. ಮದ್ದಿನ ಪೆಟ್ಟಿಗೆ ಹಿಡಿದುಕೊಂಡು ಬಂದು ಕನ್ನಡದಲ್ಲಿ ಮಾತಾಡಿದ ಮೊದಲ ಮನುಷ್ಯರು ನೀವೇ ಇರಬೇಕು. ಅವನು ಅಮ್ಮ ಒಳಗೆ ಹೋಗುವ ತನಕ ಕಾದಿದ್ದಾನೆ, ಅದನ್ನು ಗಮನಿಸಿ. ಅಮ್ಮನ ಎದುರು ಕೇಳಬಾರದ ಪ್ರಶ್ನೆ ಇದು ಎಂದು ಅವನಿಗೆ ಗೊತ್ತುಂಟು. ಅಮ್ಮ ಅವನನ್ನು ಕಾಪಾಡುತ್ತಿದ್ದಾರೆ, ಅವನು ಅಮ್ಮನನ್ನು ಕಾಪಾಡುತ್ತಿದ್ದಾನೆ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬೊಬ್ಬರೇ ಆಗಿದ್ದಾರೆ.

ನೀವು ಗಡಿಬಿಡಿಯಲ್ಲಿ ಹೇಳಿದ ಸುಳ್ಳಿನ ಬಗ್ಗೆ ನಾನು ಬಯ್ಯುವ ಹಾಗಿಲ್ಲ. ನಾನು ಮಾಡಿದ್ದು ಅದಕ್ಕಿಂತ ಕಡೆ. ಮೂವತ್ತು ವರ್ಷದ ಹಿಂದಿನ ಮಾತು, ಮಕ್ಕಳ ವಾರ್ಡಿನಲ್ಲಿ ನೈಟ್ ಡ್ಯೂಟಿ. ರಕ್ತದ ಕ್ಯಾನ್ಸರಿನ ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಳು. ಅವಳ ಪಕ್ಕದ ಮಂಚದ ಹುಡುಗ ನಸುಕಿನಲ್ಲಿ ತೀರಿಕೊಂಡ. ಪರದೆ ಎಳೆದು, ಸದ್ದಾಗದ ಹಾಗೆ ಟ್ರಾಲಿ ತಳ್ಳಿ, ಶೀಟು ಬದಲಾಯಿಸಿ ಎಲ್ಲ ಮುಗಿಸಿದ್ದೆವು. ಬೆಳಿಗ್ಗೆ ಎದ್ದವಳು ಅವನೆಲ್ಲಿ ಎಂದು ಕೇಳಿದಳು. ಮನೆಗೆ ಹೋದ ಅಂದೆ. ಅವಳು ಬಗ್ಗಿ ಆ ಮಂಚದ ಅಡಿ ನೋಡಿದಳು. ನೀಲಿ ಬಾರಿನ ಹವಾಯಿ ಚಪ್ಪಲಿ ಎರಡೂ ಅಲ್ಲೇ ಇದ್ದವು. ‘ಚಪ್ಪಲಿ ಬಿಟ್ಟು ಯಾರಾದರೂ ಮನೆಗೆ ಹೋಗ್ತಾರಾ ಸಿಸ್ಟರ್?’ ನಾನು ಥರ್ಮಾಮೀಟರನ್ನು ಅವಳ ಬಾಯಿಗೆ ಇಟ್ಟೆ. ಜ್ವರ ನೋಡಲಿಕ್ಕಲ್ಲ, ಬಾಯಿ ಮುಚ್ಚಿಸಲಿಕ್ಕೆ. ಅವಳು ಆಮೇಲೆ ಹದಿನೇಳು ದಿನ ಇದ್ದಳು. ಇಂಜೆಕ್ಷನ್ನಿಗೆ ಕೈ ಕೊಟ್ಟಳು, ಊಟ ಬೇಡ ಅಂದಳು, ನೀರು ಕೇಳಿದಳು. ಪ್ರಶ್ನೆ ಮಾತ್ರ ಮತ್ತೆ ಕೇಳಲಿಲ್ಲ.

1970ರ ದಶಕದಲ್ಲಿ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ ಅಮೆರಿಕದಲ್ಲಿ ರಕ್ತದ ಕ್ಯಾನ್ಸರಿನ ಮಕ್ಕಳ ಜೊತೆ ತಿಂಗಳುಗಟ್ಟಲೆ ಕೂತು ಅವರ ಮಾತು ಕೇಳಿಸಿಕೊಂಡರು. ಮೂರರಿಂದ ಒಂಬತ್ತು ವರ್ಷದ ಮಕ್ಕಳು. ಯಾರೂ ಹೇಳದಿದ್ದರೂ ಅವರಿಗೆ ಗೊತ್ತಿತ್ತು. ಗೊತ್ತಿರುವುದನ್ನು ದೊಡ್ಡವರಿಂದ ಅಡಗಿಸಿಡಬೇಕು ಎಂದೂ ಗೊತ್ತಿತ್ತು. ನಾನು ಇದನ್ನು ಓದಿದ್ದು ಬಹಳ ತಡವಾಗಿ. ಅಷ್ಟರಲ್ಲಿ ಒಂದು ಜೊತೆ ಚಪ್ಪಲಿ ಅದನ್ನೇ ಹೇಳಿಯಾಗಿತ್ತು.

ನಮ್ಮ ಮಕ್ಕಳಿಗೆ ಸಾವು ಗೊತ್ತಾಗುವುದಿಲ್ಲ ಎಂದು ದೊಡ್ಡವರು ಹೇಗೆ ನಂಬುತ್ತಾರೋ. ತಾಯಿಯ ಮಡಿಲಲ್ಲಿ ಕೂತು ಬೆಳಗಿನ ಜಾವ ಯಕ್ಷಗಾನದ ರಂಗದಲ್ಲಿ ಅಭಿಮನ್ಯು ಬೀಳುವುದನ್ನು ನೋಡಿ ಬೆಳೆದ ಮಕ್ಕಳು ಇವರು. ಮನೆಯಲ್ಲಿ ಅಜ್ಜ ಹೋದಾಗ ಸೂತಕದ ದಿನ ಎಣಿಸಿದವರು. ಕೇರಂ ಬೋರ್ಡು ಕೊಟ್ಟ ಹುಡುಗನಿಗೆ ನೀವು ಹೊಸ ಸುದ್ದಿಯೇನೂ ಹೇಳಬೇಕಾಗಿಲ್ಲ.

ಹಾಗೆಂದು ನಾಳೆಯೇ ಹೋಗಿ ಅವನ ಹತ್ತಿರ ಎಲ್ಲ ಹೇಳಿಬಿಡಿ ಎನ್ನುವುದಿಲ್ಲ. ರೋಗ ಎಲ್ಲಿಗೆ ಮುಟ್ಟಿದೆ ಎಂದು ಹೇಳುವುದು ಡಾಕ್ಟರರ, ತಂದೆ ತಾಯಿಯ ಕೆಲಸ. ನೀವು ಅವರನ್ನು ದಾಟಿ ಹೇಳಿದರೆ ಆ ಮನೆಯ ಬಾಗಿಲು ನಿಮಗೆ ಮುಚ್ಚುತ್ತದೆ, ಹುಡುಗನಿಗಿದ್ದ ಒಂದು ಕಿಟಕಿಯೂ ಹೋಗುತ್ತದೆ. ಮೊದಲು ತಾಯಿಯ ಹತ್ತಿರ ಹೋಗಿ. ಚಾ ಬಂದಾಗ ಜಗಲಿಯಲ್ಲಿ ಕೂತು ಕುಡಿಯುವುದನ್ನು ಒಂದು ದಿನ ಬಿಡಿ, ಲೋಟ ಹಿಡಿದುಕೊಂಡು ಅಡಿಗೆ ಕೋಣೆಗೇ ಹೋಗಿ. ನಮ್ಮ ಕಡೆಯ ಹೆಂಗಸರು ನಿಜ ಮಾತಾಡುವುದು ಒಲೆಯ ಹತ್ತಿರ.

ಅಲ್ಲಿ ಬುದ್ಧಿ ಹೇಳಲು ಹೊರಡಬೇಡಿ. ‘ಅಕ್ಕ, ಅವನಿಗೆ ಗೊತ್ತಾದರೆ ಏನಾಗ್ತದೆ ಅಂತ ನಿಮಗೆ ಹೆದರಿಕೆ?’ ಎಂದು ಕೇಳಿ, ಸುಮ್ಮನಿರಿ. ಅವರು ಅಳಬಹುದು. ಅತ್ತೆ ಮಧೂರು ಗಣಪತಿಗೆ ಅಪ್ಪದ ಹರಕೆ ಹೊತ್ತಿದ್ದಾರೆ, ಈಗ ಹೀಗೆಲ್ಲ ಮಾತಾಡಿದರೆ ಹರಕೆಯನ್ನೇ ನಂಬದ ಹಾಗೆ ಆಗ್ತದೆ ಅನ್ನಬಹುದು. ಹರಕೆಯನ್ನು ಮುಟ್ಟಬೇಡಿ, ಅದು ಇರಲಿ. ಅವರು ಸಾಕಷ್ಟು ಹೇಳಿಕೊಂಡ ಮೇಲೆ ನಡೆದದ್ದನ್ನು ತಿಳಿಸಿ: ‘ಅವನು ನನ್ನನ್ನು ಕೇಳಿದ. ನಾನು ಸುಳ್ಳು ಹೇಳಿದೆ. ಈಗ ಅವನು ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ.’ ಆಮೇಲೆ ನಿಮ್ಮ ಮಿತಿ ಹೇಳಿ: ‘ನಾನಾಗಿ ಏನೂ ಹೇಳುವುದಿಲ್ಲ. ಆದರೆ ಅವನು ಇನ್ನೊಮ್ಮೆ ಕೇಳಿದರೆ ನನ್ನಿಂದ ಸುಳ್ಳು ಆಗಲಿಕ್ಕಿಲ್ಲ.’ ಕೊಟ್ಟ ಮಾತನ್ನು ಮುರಿಯುವುದಕ್ಕೂ ಎದುರು ಕೂತು ವಾಪಸು ಕೊಡುವುದಕ್ಕೂ ಬಹಳ ವ್ಯತ್ಯಾಸವುಂಟು.

ತಂದೆ ಒಪ್ಪದಿದ್ದರೆ ತಾಲೂಕು ಆಸ್ಪತ್ರೆಯ ಪಾಲಿಯೇಟಿವ್ ಡಾಕ್ಟರರನ್ನು ಕರೆದುಕೊಂಡು ಹೋಗಿ ಇಬ್ಬರನ್ನೂ ಕೂರಿಸಿ ಮಾತಾಡಿಸಿ. 2008ರಲ್ಲಿ ಕೇರಳ ಸರ್ಕಾರ ಪಾಲಿಯೇಟಿವ್ ನೀತಿ ತಂದ ಮೇಲೆ ನಮ್ಮಲ್ಲಿ ಈ ಅನುಕೂಲ ಒಂದುಂಟು, ಪಂಚಾಯತಿನ ಸಿಸ್ಟರ್ ಒಬ್ಬಳೇ ಹೊರಬೇಕಾಗಿಲ್ಲ. ಡಾಕ್ಟರರಿಗೆ ಕನ್ನಡ ಬಾರದಿದ್ದರೆ ತರ್ಜುಮೆ ನಿಮ್ಮದೇ ಆಗುತ್ತದೆ. ಆಗ ಒಂದು ಎಚ್ಚರ: ಮೆತ್ತಗೆ ಮಾಡಲು ಹೋಗಿ ಅರ್ಥವನ್ನೇ ಬಿಟ್ಟುಬಿಡಬೇಡಿ. ನಾವು ಕನ್ನಡದವರು ಮಲಯಾಳದ ಕೆಟ್ಟ ಸುದ್ದಿಯನ್ನು ಕನ್ನಡಕ್ಕೆ ತರುವಾಗ ಅರ್ಧ ದಾರಿಯಲ್ಲೇ ಇಳಿಸಿ ಬರುತ್ತೇವೆ.

ಒಂದು ಲೆಕ್ಕ ಹೇಳುತ್ತೇನೆ, ಇದು ನಿಮಗೆ, ಆ ತಾಯಿಗಲ್ಲ. 2004ರಲ್ಲಿ ಸ್ವೀಡನ್ನಿನಲ್ಲಿ ಕ್ಯಾನ್ಸರಿನಿಂದ ಮಗುವನ್ನು ಕಳೆದುಕೊಂಡ ತಂದೆ ತಾಯಂದಿರ ಒಂದು ಅಧ್ಯಯನ ಪ್ರಕಟವಾಯಿತು. ಮಗುವಿನ ಹತ್ತಿರ ಸಾವಿನ ಬಗ್ಗೆ ಮಾತಾಡಿದ್ದೇವೆ ಎಂದವರು 147 ಮಂದಿ. ಅವರಲ್ಲಿ ಒಬ್ಬರೂ ಹಾಗೆ ಮಾತಾಡಿದ್ದಕ್ಕೆ ಪಶ್ಚಾತ್ತಾಪ ಪಟ್ಟಿರಲಿಲ್ಲ. ಮಾತಾಡದ 258 ಮಂದಿಯಲ್ಲಿ 69 ಮಂದಿಗೆ ಮಾತಾಡಬೇಕಿತ್ತು ಎಂಬ ಕೊರಗು ಉಳಿದಿತ್ತು. ಸ್ವೀಡನ್ನೇ ಬೇರೆ, ನಮ್ಮ ಕೂಡುಕುಟುಂಬದ ಜಗಲಿಯೇ ಬೇರೆ, ಅದು ನನಗೂ ಗೊತ್ತು. ಮಾತಾಡದವರಲ್ಲಿ ಹೆಚ್ಚಿನವರಿಗೆ ಆ ಕೊರಗು ಇರಲಿಲ್ಲ ಎಂಬುದನ್ನೂ ಮರೆಯಬಾರದು. ಹಾಗಾಗಿ ಆ ತಾಯಿ ಕೊನೆಗೂ ಬೇಡ ಅಂದರೆ ಒತ್ತಾಯ ಮಾಡಬೇಡಿ. ನಿಮ್ಮ ಬಾಯಿಂದ ಸುಳ್ಳು ಬರದಿದ್ದರೆ ಸಾಕು.

ಈಗ ಹುಡುಗನ ವಿಷಯ. ಅವನ ಹತ್ತಿರ ತಪ್ಪಾಯಿತು ಅನ್ನಿ. ‘ಆ ದಿನ ನೀನು ಕೇಳಿದಾಗ ನನಗೆ ಹೆದರಿಕೆ ಆಯಿತು, ಅದಕ್ಕೆ ಬಾಯಿಗೆ ಬಂದದ್ದು ಹೇಳಿದೆ’ ಅಂದರೆ ಆಯಿತು. ಹನ್ನೊಂದು ವರ್ಷದವನ ಹತ್ತಿರ ದೊಡ್ಡವರು ತಪ್ಪು ಒಪ್ಪಿಕೊಳ್ಳುವುದು ಅಪರೂಪ, ಅವನು ಮುಖ ತಿರುಗಿಸಿಯಾದರೂ ನೋಡುತ್ತಾನೆ. ಮತ್ತೆ ಅದೇ ಪ್ರಶ್ನೆ ಬಂದರೆ ಹೌದು, ಅಲ್ಲ ಎಂದು ಹಾರಬೇಡಿ. ‘ನಿನಗೆ ಯಾಕೆ ಹಾಗೆ ಅನಿಸಿತು?’ ಎಂದು ಕೇಳಿ. ಗುಣ ಆಗುವುದಿಲ್ಲವಾ ಎಂಬ ಮಾತಿನ ಹೊಟ್ಟೆಯಲ್ಲಿ ಎಷ್ಟೋ ಸಲ ಬೇರೆಯೇ ಪ್ರಶ್ನೆ ಇರುತ್ತದೆ: ತುಂಬ ನೋವಾಗ್ತದಾ? ಪುನಃ ಆಸ್ಪತ್ರೆಗೆ ಕರೆದುಕೊಂಡು ಹೋಗ್ತಾರಾ? ರಾತ್ರಿ ನನ್ನ ಹತ್ತಿರ ಯಾರು ಇರ್ತಾರೆ? ನನ್ನ ಮದ್ದಿಗೆ ಅಪ್ಪ ಎಷ್ಟು ಸಾಲ ಮಾಡಿದ್ದಾರೆ? ಇವಕ್ಕೆಲ್ಲ ಉತ್ತರ ಉಂಟು, ನಿಜವಾದ ಉತ್ತರವೇ ಉಂಟು. ‘ರೋಗವನ್ನು ತೆಗೆಯುವ ಮದ್ದು ಈಗ ನಮ್ಮ ಹತ್ತಿರ ಇಲ್ಲ, ನೋವಿಗೆ ಮದ್ದು ಉಂಟು, ಅದನ್ನು ತಪ್ಪಿಸುವುದಿಲ್ಲ’ ಎಂಬ ಮಾತನ್ನು ತಾಯಿಯ ಒಪ್ಪಿಗೆ ಸಿಕ್ಕಿದ ದಿನ, ಸಾಧ್ಯವಾದರೆ ತಾಯಿಯೇ ಪಕ್ಕದಲ್ಲಿರುವಾಗ ಹೇಳಿ. ಅವನು ಅಲ್ಲಿಗೇ ಸಾಕು ಎಂದು ಬೇರೆ ಮಾತು ತೆಗೆದರೆ ನೀವೂ ಬೇರೆ ಮಾತಿಗೆ ಹೋಗಿ. ಎಷ್ಟು ಬೇಕು ಎನ್ನುವ ಅಳತೆ ಅವನದ್ದು.

ನೋವಿನ ವಿಷಯದಲ್ಲಿ ನೀವು ಒಂದು ಸಾಲೂ ಬರೆದಿಲ್ಲ, ಹಾಗಾಗಿ ಕೇಳುತ್ತೇನೆ. ಅವನು ‘ನೋವಿಲ್ಲ’ ಅನ್ನುತ್ತಾನಾ? ಈ ಪ್ರಾಯದ ಮಕ್ಕಳು ನೋವಿದೆ ಅಂದರೆ ಆಸ್ಪತ್ರೆಗೆ ಎತ್ತಿಕೊಂಡು ಹೋಗುತ್ತಾರೆ ಎಂದು ಕಚ್ಚಿ ಹಿಡಿದಿರುತ್ತಾರೆ. ಗೋಡೆಯ ಕಡೆ ತಿರುಗಿ ಅಲುಗಾಡದೆ ಮಲಗಿದ್ದು ಸಿಟ್ಟಿಗೇ ಇರಬಹುದು, ಅಲುಗಿದರೆ ನೋವಾಗುತ್ತದೆ ಎಂಬುದಕ್ಕೂ ಇರಬಹುದು. ನಮ್ಮ ಜಿಲ್ಲೆಯ ಸಿಸ್ಟರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು ನಿಂತು ಕಾಲು ಶತಮಾನವಾದರೂ ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಮನೆಗಳಲ್ಲಿ ಮಾತೇ ಬಾರದ ಮಕ್ಕಳ ನೋವನ್ನು ಹುಬ್ಬಿನ ಗಂಟಿನಲ್ಲಿ, ಮಡಚಿಕೊಂಡ ಕಾಲಿನಲ್ಲಿ ಓದುವ ತಾಯಂದಿರು ಇದ್ದಾರೆ. ಮಾತು ಬರುವ ಮಗುವನ್ನೂ ಹಾಗೆಯೇ ಒಮ್ಮೆ ಓದಿ.

ನೋವಿಗೆ ಮಾರ್ಫಿನ್ ಬರೆದುಕೊಟ್ಟಿದ್ದರೆ ಗಡಿಯಾರ ನೋಡಿ ಕೊಡಬೇಕು, ಅಳುವ ತನಕ ಕಾಯಬಾರದು. ತಂದೆ ‘ಅದು ಕೊನೆಯ ಮದ್ದಲ್ವಾ, ಚಟ ಆಗುದಿಲ್ವಾ’ ಎಂದು ಅರ್ಧ ಡೋಸು ಕೊಟ್ಟು ಉಳಿಸಿಡುವುದು ಎಷ್ಟೋ ಮನೆಗಳಲ್ಲಿ ಉಂಟು. ಬಾಟ್ಲಿ ಎತ್ತಿ ನೋಡಿ, ದಿನದ ಲೆಕ್ಕಕ್ಕೂ ಉಳಿದದ್ದಕ್ಕೂ ತಾಳೆ ಆಗುತ್ತದಾ ಎಂದು. ಮಾರ್ಫಿನ್ ಮಲ ಕಟ್ಟಿಸುತ್ತದೆ, ಅದಕ್ಕೆ ಮದ್ದು ಜೊತೆಯಲ್ಲೇ ನಡೆಯಬೇಕು. ಎಷ್ಟು ದಿನ ಆಯಿತು ಎಂದು ಹುಡುಗ ನಾಚಿಕೆಯಿಂದ ಹೇಳುವುದಿಲ್ಲ, ಕೇಳಿ ತಿಳಿದುಕೊಳ್ಳಬೇಕು. ದಮ್ಮು ಕಟ್ಟಿದರೆ ಮಲಗಿಸಬೇಡಿ, ದಿಂಬು ಒರಗಿಸಿ ಕೂರಿಸಿ, ಮುಖಕ್ಕೆ ಗಾಳಿ ಬರುವ ಹಾಗೆ ಸಣ್ಣ ಫ್ಯಾನ್ ಇಡಲು ತಾಯಿಗೆ ತೋರಿಸಿಕೊಡಿ. ಯಾವ ಹೊತ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ರಾತ್ರಿ ಎರಡು ಗಂಟೆಗೆ ಮಲಯಾಳದ ಚೀಟಿ ಓದಲು ಆ ತಾಯಿಗೆ ಆಗಲಿಕ್ಕಿಲ್ಲ.

ತಂಗಿಯನ್ನು ನೀವು ಒಂದೇ ವಾಕ್ಯದಲ್ಲಿ ಹೇಳಿ ಬಿಟ್ಟಿದ್ದೀರಿ. ಆ ಮನೆಯಲ್ಲೂ ಹಾಗೇ ಆಗಿರಬೇಕು. ಆರು ವರ್ಷದ ಮಗು, ತಾನು ಅಣ್ಣನ ಹತ್ತಿರ ಜಗಳ ಮಾಡಿದ್ದಕ್ಕೇ ಅವನಿಗೆ ಸೌಖ್ಯ ಇಲ್ಲದಾಯಿತು ಎಂದು ನಂಬಿಕೊಂಡಿರಬಹುದು. ನಿನ್ನಿಂದ ಬಂದದ್ದಲ್ಲ, ನಿನಗೆ ಅಂಟುವುದೂ ಇಲ್ಲ, ಈ ಎರಡು ಮಾತು ಅವಳಿಗೆ ಯಾರಾದರೂ ಹೇಳಬೇಕು. ಮುಂದೆ ಹೇಳಬೇಕಾಗಿ ಬಂದಾಗ ‘ಅಣ್ಣ ಮಲಗಿದ್ದಾನೆ’ ಅನ್ನಬೇಡಿ ಎಂದು ಮನೆಯವರಿಗೆ ಈಗಲೇ ಹೇಳಿಡಿ. ಹಾಗೆ ಕೇಳಿದ ಮಕ್ಕಳು ಮಲಗಲು ಹೆದರುವುದನ್ನು ನಾನು ನೋಡಿದ್ದೇನೆ. ಸದ್ಯಕ್ಕೆ ಅವಳಿಗೊಂದು ಕೆಲಸ ಕೊಡಿ: ಅಣ್ಣನ ತುಟಿಗೆ ಎಣ್ಣೆ ಸವರುವುದು, ಫ್ಯಾನ್ ಹಾಕುವುದು.

ನೀವು? ರಿವ್ಯೂ ಮೀಟಿಂಗಿನಲ್ಲಿ ಈ ಮನೆಯ ಹೆಸರು ಬಂದಾಗ ‘ಡ್ರೆಸಿಂಗ್ ಆಯಿತು’ ಎಂದು ಮುಗಿಸದೆ, ನನಗೆ ಕಷ್ಟ ಆಗ್ತಾ ಉಂಟು ಎಂದು ಬಾಯಿಬಿಟ್ಟು ಹೇಳಿ. ಮಲಯಾಳದಲ್ಲೇ ಹೇಳಿ, ಅವರಿಗೆ ಅರ್ಥ ಆಗ್ತದೆ.

ಇನ್ನು ಮಾತು ಬಿಟ್ಟವನ ಹತ್ತಿರ ಮಾತು ಶುರು ಮಾಡುವುದು ಹೇಗೆ ಅಂದರೆ, ಮಕ್ಕಳು ಎದುರು ಕೂರಿಸಿ ಕೇಳಿದರೆ ಹೇಳುವುದಿಲ್ಲ, ಕೈಗೆ ಏನಾದರೂ ಕೆಲಸ ಇರಬೇಕು. ಕೇರಂ ಬೋರ್ಡು ಪಕ್ಕದ ಮನೆಯಲ್ಲೇ ಉಂಟಲ್ಲ, ಒಂದು ಗಂಟೆಯ ಮಟ್ಟಿಗೆ ಕೇಳಿ ತನ್ನಿ, ಆ ಹುಡುಗನನ್ನೂ ಕರೆಯಿರಿ. ಸ್ಟ್ರೈಕರ್ ಇಲ್ಲದೆ ಅವನೂ ಬೋರ್ಡನ್ನು ಗೋಡೆಗೆ ಒರಗಿಸಿ ಇಟ್ಟಿರಬೇಕು. ಬೋರಿಕ್ ಪೌಡರ್ ಮಾತ್ರ ಹಾಕಬೇಡಿ, ಆ ಧೂಳು ನಮ್ಮ ಹುಡುಗನ ದಮ್ಮಿಗೆ ಆಗದು. ಸ್ಟ್ರೈಕರ್ ಸ್ವಲ್ಪ ನಿಧಾನ ಓಡಿದರೆ ಓಡಲಿ.